ಬಿಟ್ಟ ಮೂರನೆಯ ದಿನ

ನಮ್ಮ ಜನರಲ್ಲಿ ಆಣೆಗೆ ಇರುವ ಬೆಲೆ ಬೇರೆ ಯಾವ ಮಾತಿಗೂ ಇಲ್ಲ. ಕುಲದೇವರ ಮುಂದೆ ಕರ್ಪೂರ ಆರಿಸಿಯೋ, ಹೆತ್ತ ಮಗುವಿನ ತಲೆಯ ಮೇಲೆ ಕೈಯಿಟ್ಟೋ, "ಇಂದಿನಿಂದ ಮುಟ್ಟುವುದಿಲ್ಲ" ಎಂದು ಒಬ್ಬ ಕುಡುಕನು ನುಡಿದನೆಂದರೆ ಮನೆಯವರ ಕಣ್ಣು ತುಂಬಿ ಬರುತ್ತದೆ, ನೆರೆಹೊರೆಯವರು ತಲೆದೂಗುತ್ತಾರೆ. ಅಂತಹುದೊಂದು ಆಣೆಗೆ ನಾನೂ ಒಮ್ಮೆ ಸಾಕ್ಷಿಯಾಗಿದ್ದೆ. ಸಾಕ್ಷಿಯೇನು, ಅದನ್ನು ಮಾಡಿಸಿದವನೇ ನಾನು. ಅದರಿಂದ ಒಂದು ಜೀವ ಹೋಗುವುದರಲ್ಲಿದ್ದಿತು. ಆ ಸಂಗತಿಯನ್ನು ಮುಚ್ಚಿಟ್ಟು ಈ ವಿಷಯದಲ್ಲಿ ವಾಚಕರಿಗೆ ಬುದ್ಧಿ ಹೇಳಲು ಹೊರಡುವುದು ನನಗೆ ಸಲ್ಲದು.

ನಮ್ಮ ಬೀದಿಯಲ್ಲಿ ಒಬ್ಬ ಬಡಗಿಯಿದ್ದಾನೆ. ಹೆಸರು ಬೇಡ. ಒಳ್ಳೆಯ ಕೆಲಸಗಾರ, ನಮ್ಮ ಮನೆಯ ದೇವರ ಮಂಟಪ ಅವನ ಕೈಯಿಂದ ಆದದ್ದು. ಹದಿನೈದು ವರ್ಷದ ಕುಡಿತ ಅವನದು. ಮೊದಮೊದಲು ಸಂಜೆ ಕೆಲಸ ಮುಗಿದ ಮೇಲೆ. ಬರಬರುತ್ತ ಮಧ್ಯಾಹ್ನದ ಊಟಕ್ಕೆ ಮೊದಲು. ಕೊನೆಕೊನೆಗೆ ಬೆಳಗ್ಗೆ ಹಾಸಿಗೆ ಬಿಟ್ಟೊಡನೆ. ಹೊತ್ತು ಹುಟ್ಟುವಾಗ ಅವನ ಕೈಗಳು ನಡುಗುತ್ತಿದ್ದವು. ತೊಂಬತ್ತು ಮಿಲಿಲೀಟರಿನ ಆ ಕಾಗದದ ಪೊಟ್ಟಣವೊಂದನ್ನು ಬರಿದು ಮಾಡಿದ ಮೇಲೆಯೇ ಉಳಿ ಹಿಡಿಯುವ ಕೈಗೆ ಸ್ಥಿಮಿತ ಬರುತ್ತಿತ್ತು. ಇದನ್ನು ನಾನು ಹಲವು ಸಲ ಕಂಡಿದ್ದೆ. ಕಂಡು, "ಎಷ್ಟು ಕೆಟ್ಟುಹೋದನಲ್ಲಾ" ಎಂದುಕೊಂಡಿದ್ದೆನೇ ಹೊರತು, ಆ ನಡುಕವೇ ಒಂದು ರೋಗಲಕ್ಷಣವೆಂಬುದು ನನಗೆ ಹೊಳೆದಿರಲಿಲ್ಲ.

ಒಂದು ಭಾನುವಾರ ಅವನ ಹೆಂಡತಿ ಬಂದು, "ಮೇಷ್ಟ್ರೇ, ಯಾರ ಮಾತೂ ಕೇಳಲ್ಲ, ನಿಮ್ಮ ಮಾತೊಂದು ಕೇಳ್ತಾರೆ" ಎಂದು ಕಣ್ಣೀರಿಟ್ಟಳು. ನಾನು ಅವನನ್ನು ಕರೆಸಿ ಕೂರಿಸಿಕೊಂಡು ಹೇಳಬೇಕಾದುದನ್ನೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ, "ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡ್ಕೊಂಡು ಬರ್ತೀನಿ ಮೇಷ್ಟ್ರೇ" ಎಂದ. ನಾನು ಒಪ್ಪಲಿಲ್ಲ. "ಬಿಡುವುದಾದರೆ ಗಂಡಸಿನ ಹಾಗೆ ಒಂದೇ ಏಟಿಗೆ ಬಿಡು" ಎಂದೆ. ಅವನು ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಆ ರಾತ್ರಿ ನಾನು ಬಹಳ ತೃಪ್ತಿಯಿಂದ ನಿದ್ದೆ ಮಾಡಿದೆ.

ಅವನು ಆಣೆಯನ್ನು ಉಳಿಸಿಕೊಂಡ. ಮೊದಲ ದಿನ ಮೈಯೆಲ್ಲ ಬೆವರು, ವಾಂತಿ, ನಡುಕ. ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಎರಡನೆಯ ದಿನ ಬೆಳಗಿನ ಜಾವ ಇದ್ದಕ್ಕಿದ್ದಂತೆ ಮೈ ಸೆಟೆದು ಫಿಟ್ಸ್ ಬಂತು. ಮನೆಯವರು ಕೈಗೆ ಬೀಗದಕೈ ಹಿಡಿಸಿದರು. ಹತ್ತಿರದ ಷಾಪೊಂದರಲ್ಲಿ ನಿಶ್ಶಕ್ತಿಯೆಂದು ಒಂದು ಬಾಟಲಿ ಗ್ಲೂಕೋಸ್ ಏರಿಸಿ ಕಳುಹಿಸಿದರು. ಕುಡಿತದ ಮಾತನ್ನು ಅಲ್ಲಿ ಯಾರೂ ಕೇಳಲಿಲ್ಲ. ಬಿಟ್ಟುಬಿಟ್ಟ ಮೇಲೆ ಅದನ್ನೇಕೆ ಎತ್ತಬೇಕೆಂದು ಇವರೂ ಹೇಳಲಿಲ್ಲ. ಮೂರನೆಯ ರಾತ್ರಿ ಹೆಂಡತಿ ನನ್ನ ಮನೆಯ ಬಾಗಿಲು ತಟ್ಟಿದಳು. ಹೋಗಿ ನೋಡುತ್ತೇನೆ: ಗೋಡೆಯ ತುಂಬ ಇರುವೆ ಹರಿಯುತ್ತಿದೆಯೆಂದು ಕೂಗುತ್ತಿದ್ದಾನೆ, ಹೊದಿಕೆಯನ್ನು ಕೀಳುತ್ತಿದ್ದಾನೆ, ಮರುಗಳಿಗೆಯಲ್ಲಿ ಎರಡು ಕೈಗಳನ್ನೂ ಮುಂದೆ ಚಾಚಿ, ಇಲ್ಲದ ಹಲಗೆಯನ್ನು ಇಲ್ಲದ ಗರಗಸದಿಂದ ಕೊಯ್ಯುತ್ತಿದ್ದಾನೆ. ಮಗಳನ್ನು ಗುರುತಿಸಲಿಲ್ಲ. ನನ್ನನ್ನು ಗುರುತಿಸಲಿಲ್ಲ. ಯಾರೋ ಹಿರಿಯರು ನಿಂಬೆಹಣ್ಣು ನಿವಾಳಿಸುತ್ತಿದ್ದರು. ಗಾಳಿ ಸೋಕಿದೆ ಎಂಬುದು ನೆರೆದವರ ತೀರ್ಮಾನ.

ನಾನು 108ಕ್ಕೆ ಕರೆ ಮಾಡಿದೆ. ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ವೈದ್ಯೆಯೊಬ್ಬರು ಅವನ ನಾಡಿ ಹಿಡಿದು, ಕಣ್ಣು ನೋಡಿ, ಮೊದಲು ಕೇಳಿದ ಪ್ರಶ್ನೆ ಇದು: "ಕೊನೆಯ ಸಲ ಕುಡಿದದ್ದು ಯಾವಾಗ?" ಆಕೆಯ ಮುಖದಲ್ಲಿ ಬೆರಗಿರಲಿಲ್ಲ, ಇಂತಹವರನ್ನು ದಿನವೂ ನೋಡುತ್ತಿದ್ದವರಂತೆ ಕಂಡರು. ಐದನೆಯ ದಿನ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದ. ಒಂದೇ ಏಟಿಗೆ ಬಿಡಿಸಿದವನು ನಾನೆಂದು ಆ ವೈದ್ಯೆಗೆ ಹೇಳಿದಾಗ ಆಕೆ ನನ್ನನ್ನು ಬೈಯಲಿಲ್ಲ. "ಎಲ್ಲರೂ ಹಾಗೆಯೇ ಹೇಳ್ತಾರೆ ಸರ್" ಎಂದರು. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ಈ ವಿಷಯವನ್ನು ಕೇಳಿ ಓದಿ ತಿಳಿದುಕೊಂಡಿದ್ದೇನೆ. ತಿಳಿದುದರ ಸಾರ ಇಷ್ಟೆ: ಬಹುಕಾಲ ಬಹುವಾಗಿ ಕುಡಿದವನ ದೇಹಕ್ಕೆ ಕುಡಿತವೂ ಅಪಾಯ, ಅದನ್ನು ಹಠಾತ್ತನೆ, ವೈದ್ಯನ ನೆರವಿಲ್ಲದೆ ನಿಲ್ಲಿಸುವುದೂ ಅಪಾಯ. ಮೊದಲನೆಯದನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಎರಡನೆಯದನ್ನು ಅರಿತವರು ಬಲು ಕಡಮೆ.

ಕಾರಣವು ಸರಳವಾಗಿಯೇ ಇದೆ. ನಮ್ಮ ಮಿದುಳಿನಲ್ಲಿ ನರಗಳನ್ನು ಉದ್ರೇಕಿಸುವ ರಾಸಾಯನಿಕಗಳೂ ಉಂಟು, ಅವುಗಳಿಗೆ ಕಡಿವಾಣ ಹಾಕುವ ರಾಸಾಯನಿಕಗಳೂ ಉಂಟು. ಮದ್ಯವು 'ಗಾಬಾ' ಎಂಬ ಕಡಿವಾಣವನ್ನು ಬಿಗಿಗೊಳಿಸಿ, 'ಗ್ಲುಟಮೇಟ್' ಎಂಬ ಉದ್ರೇಕವನ್ನು ಅಡಗಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಸುಮ್ಮನಿರದು. ಆ ಭಾರವನ್ನು ಸರಿದೂಗಿಸಲು ತಾನೇ ಉದ್ರೇಕವನ್ನು ಹೆಚ್ಚಿಸಿಕೊಂಡು, ಕಡಿವಾಣವನ್ನು ಸಡಿಲಿಸಿಕೊಳ್ಳುತ್ತದೆ. ಭಾರದ ಗಾಡಿಯನ್ನು ದಿಬ್ಬದ ಮೇಲೆ ಎಳೆಯುತ್ತಿರುವ ಎತ್ತಿನ ಹಗ್ಗ ಫಕ್ಕನೆ ಕಡಿದರೆ ಅದು ಹೇಗೆ ಮುಂದಕ್ಕೆ ಮುಗ್ಗರಿಸುವುದೋ ಹಾಗೆ, ಮದ್ಯ ನಿಂತೊಡನೆ ಮಿದುಳು ಹಿಡಿತ ತಪ್ಪುತ್ತದೆ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಗಳೊಳಗೆ ನಡುಕ, ಬೆವರು, ಎದೆಬಡಿತ, ಕಳವಳ ತೋರುವುವು. 6ರಿಂದ 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುವುದು. ಎರಡರಿಂದ ನಾಲ್ಕು ದಿನಗಳ ನಡುವೆ, ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ, ನಮ್ಮ ಬಡಗಿಗೆ ಆದಂತಹ ಸನ್ನಿ ಹಿಡಿಯುವುದು: ಜ್ವರ, ಏರಿದ ರಕ್ತದೊತ್ತಡ, ಇಲ್ಲದ್ದನ್ನು ಕಾಣುವುದು, ಇದ್ದವರನ್ನು ಗುರುತಿಸದಿರುವುದು. ಚಿಕಿತ್ಸೆಯಿಲ್ಲದಿದ್ದರೆ ಇದು ಕೊಲ್ಲಬಲ್ಲುದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ಮಂದಿ ಬದುಕಿಕೊಳ್ಳುತ್ತಾರೆ.

ಈ ಸನ್ನಿಗೆ 'ಡೆಲಿರಿಯಮ್ ಟ್ರೆಮೆನ್ಸ್' ಎಂದು ಹೆಸರಿಟ್ಟವನು ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ. ಅದು 1813ರ ಮಾತು. ಆದರೆ ಇದು ಕುಡಿತದ ವಿಷವೋ, ಅನ್ನಾಹಾರಗಳ ಕೊರತೆಯೋ, ಬಿಟ್ಟುದರ ಫಲವೋ ಎಂಬ ವಾದ ನೂರು ವರ್ಷಕ್ಕೂ ಮೀರಿ ನಡೆಯಿತು. 1955ರಲ್ಲಿ ಅಮೆರಿಕದ ಲೆಕ್ಸಿಂಗ್‌ಟನ್ನಿನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಅವರ ಸಂಗಡಿಗರು ತಮ್ಮ ಪ್ರಯೋಗದ ಫಲವನ್ನು ಪ್ರಕಟಿಸಿದರು. ಹತ್ತು ಮಂದಿಗೆ ಸಾಕಷ್ಟು ಆಹಾರವನ್ನೂ ವಿಟಮಿನ್‌ಗಳನ್ನೂ ಕೊಡುತ್ತಲೇ ಮದ್ಯವನ್ನೂ ಕುಡಿಸಿ ಥಟ್ಟನೆ ನಿಲ್ಲಿಸಲಾಗಿತ್ತು. ಅವರಲ್ಲಿ ಆರು ಮಂದಿ 48ರಿಂದ 87 ದಿನಗಳವರೆಗೆ ಕುಡಿದಿದ್ದರು; ಫಿಟ್ಸ್ ಬಂದದ್ದೂ ಸನ್ನಿ ಹಿಡಿದದ್ದೂ ಹೀಗೆ ಬಹುದಿನ ಕುಡಿದವರಲ್ಲಿಯೇ. ಸೆರೆಯಲ್ಲಿದ್ದವರನ್ನು ಹೀಗೆ ಪರೀಕ್ಷೆಗೊಡ್ಡುವುದನ್ನು ಇಂದಿನ ವೈದ್ಯನೀತಿ ಒಪ್ಪದು. ಆದರೂ ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಇನ್ನು ಚಿಕಿತ್ಸೆಯ ಮಾತು. 1969ರಲ್ಲಿ ಅದೇ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 537 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ ಔಷಧಿಯನ್ನು ಪಡೆದವರಲ್ಲಿ ಫಿಟ್ಸೂ ಸನ್ನಿಯೂ ಎಲ್ಲರಿಗಿಂತ ಕಡಮೆಯಾಗಿ ಕಂಡವು. ಆ ಜಾತಿಯ ಔಷಧಿಗಳೇ ಇಂದಿಗೂ ಈ ಚಿಕಿತ್ಸೆಯ ಆಧಾರ.

ಹಾಗಾದರೆ ಇದು ಹೊಸ ವಿದ್ಯೆಯಲ್ಲ. ಅರ್ಧ ಶತಮಾನಕ್ಕೂ ಹಳೆಯದು. ಆದರೂ ಅದು ನಮ್ಮ ಬೀದಿಗೆ ಬಂದಿಲ್ಲ. ಬಂದಿಲ್ಲವೆಂಬುದಕ್ಕೆ 2020ನೆಯ ವರ್ಷವೇ ಸಾಕ್ಷಿ. ಆ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ಮದ್ಯದಂಗಡಿಗಳೂ ಮುಚ್ಚಿದವು. ಕರ್ನಾಟಕದಲ್ಲಿ ಅವು ಮರಳಿ ತೆರೆದದ್ದು ಮೇ 4ರಂದು. ಆ ನಡುವಣ ದಿನಗಳಲ್ಲಿ ಲಕ್ಷಾಂತರ ಮಂದಿ ಆಣೆಯಿಲ್ಲದೆಯೇ, ಒಂದೇ ಏಟಿಗೆ ಬಿಡಬೇಕಾಯಿತು. ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿ ಮದ್ಯ ನಿಂತುದರಿಂದ ಉಲ್ಬಣಗೊಂಡ ಇಂತಹ ರೋಗಿಗಳ ಸಂಖ್ಯೆ ಹೆಚ್ಚುಕಡಮೆ ಇಮ್ಮಡಿಯಾಯಿತೆಂದು ಅಲ್ಲಿನ ವೈದ್ಯರೇ ಬರೆದಿದ್ದಾರೆ. ಅಂಗಡಿ ತೆರೆದ ದಿನದ ಉದ್ದನೆಯ ಸಾಲುಗಳ ಚಿತ್ರಗಳನ್ನು ನೋಡಿ ನಾವೆಲ್ಲ ನಕ್ಕೆವು. ಆ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಮಂದಿ ಮೋಜಿಗಾಗಿ, ಎಷ್ಟು ಮಂದಿ ಕೈನಡುಕಕ್ಕಾಗಿ ನಿಂತಿದ್ದರೆಂದು ಯಾರು ಎಣಿಸಿದರು?

ಗುರುತಿಸುವುದು ಹೇಗೆ ಎಂದು ವಾಚಕರು ಕೇಳಬಹುದು. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಕಾಗಿಲ್ಲ. ಜಾನ್ ಯೂಯಿಂಗ್ ಎಂಬ ಅಮೆರಿಕದ ಮನೋವೈದ್ಯರು 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳುಂಟು. ಕುಡಿತವನ್ನು ಕಡಮೆ ಮಾಡಬೇಕೆಂದು ನಿಮಗೇ ಎಂದಾದರೂ ಅನ್ನಿಸಿದೆಯೆ? ಇತರರು ಅದನ್ನು ಆಡಿ ತೋರಿಸಿದಾಗ ಸಿಟ್ಟು ಬಂದಿದೆಯೆ? ಅದರಿಂದ ಮನಸ್ಸಿನಲ್ಲಿ ತಪ್ಪಿತಸ್ಥ ಭಾವ ಮೂಡಿದೆಯೆ? ಬೆಳಗ್ಗೆ ಎದ್ದೊಡನೆ ನರಗಳನ್ನು ಸಮಾಧಾನಪಡಿಸಲು ಕುಡಿದದ್ದುಂಟೆ? ಇವುಗಳಲ್ಲಿ ಎರಡಕ್ಕೆ ಹೌದೆಂದರೆ ವೈದ್ಯನನ್ನು ಕಾಣುವುದು ಒಳ್ಳೆಯದು. ನಾಲ್ಕನೆಯ ಪ್ರಶ್ನೆಗೆ ಹೌದೆಂದವನು ಮಾತ್ರ ಯಾರ ಉಪದೇಶಕ್ಕೂ ಮಣಿದು ತಾನಾಗಿ ಥಟ್ಟನೆ ನಿಲ್ಲಿಸಕೂಡದು. ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವನು, ಸನ್ನಿ ಹಿಡಿದವನು, ಯಕೃತ್ತು ಕೆಟ್ಟವನು, ವಯಸ್ಸಾದವನು, ಇವರೂ ಹಾಗೆಯೇ. ಇಂತಹವರು ಕುಡಿಯುತ್ತಲೇ ಇರಲಿ ಎಂಬುದು ನನ್ನ ಅಭಿಪ್ರಾಯವಲ್ಲ. ಮೊದಲು ವೈದ್ಯನ ಬಳಿಗೆ, ಅನಂತರ ಬಿಡುವುದು: ಈ ಕ್ರಮ ತಪ್ಪಬಾರದು.

ವೈದ್ಯನು ಮಾಡುವುದೂ ಮಂತ್ರವಿದ್ಯೆಯಲ್ಲ. ಕಡಿದ ಹಗ್ಗದ ಬದಲಿಗೆ ಇನ್ನೊಂದು ಹಗ್ಗವನ್ನು ಕಟ್ಟಿ ಮೆಲ್ಲಮೆಲ್ಲನೆ ಸಡಿಲಿಸುವಂತೆ, ನರಗಳನ್ನು ಶಾಂತಗೊಳಿಸುವ ಔಷಧಿಯನ್ನು ಮೊದಲ ದಿನಗಳಲ್ಲಿ ಹೆಚ್ಚಾಗಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತ ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೋರಾಜೆಪಾಮ್‌ನಂತಹುದನ್ನು ಆರಿಸುತ್ತಾರೆ. ಸೌಮ್ಯವಾಗಿದ್ದರೆ ಮನೆಯಲ್ಲಿದ್ದುಕೊಂಡೇ, ದಿನವೂ ವೈದ್ಯನ ಕಣ್ಣಿಗೆ ಬೀಳುತ್ತ ಚಿಕಿತ್ಸೆ ಪಡೆಯಬಹುದು. ಇದರ ಜೊತೆಗೆ ಬಿ-1 ವಿಟಮಿನ್, ಎಂದರೆ ಥಯಮಿನ್, ಸೇರಲೇಬೇಕು. ಅನ್ನ ಬಿಟ್ಟು ಕುಡಿತದಲ್ಲಿಯೇ ಹೊಟ್ಟೆ ತುಂಬಿಸಿಕೊಂಡವನಲ್ಲಿ ಅದು ಬರಿದಾಗಿರುತ್ತದೆ. ಅಂತಹವನಿಗೆ ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಉಳಿದಷ್ಟೂ ಖರ್ಚಾಗಿ, ಕಣ್ಣಿನ ಚಲನೆ ಕೆಟ್ಟು, ನಡಿಗೆ ತಪ್ಪಿ, ಬುದ್ಧಿ ಮಂಕಾಗುವ ರೋಗ ಎರಗಬಹುದು. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದನ್ನು ವರ್ಣಿಸಿದರು. ಗಮನಿಸದೆ ಬಿಟ್ಟರೆ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದ ಸ್ಥಿತಿ ಶಾಶ್ವತವಾಗಿ ಉಳಿದುಬಿಡುವುದುಂಟು. ನಮ್ಮ ಬಡಗಿಗೆ ಆ ಎರಡನೆಯ ದಿನ ಏರಿಸಿದ ಬಾಟಲಿಯನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಇಲ್ಲಿಯವರೆಗೆ ಮದ್ಯದ ಮಾತಾಯಿತು. ಉಳಿದ ಪದಾರ್ಥಗಳೆಲ್ಲ ಒಂದೇ ಬಗೆಯವಲ್ಲ. ನಿದ್ದೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದವರು, ಇವರಲ್ಲಿ ಮರ್ಯಾದಸ್ಥ ಮನೆಗಳ ಹಿರಿಯರೂ ಗೃಹಿಣಿಯರೂ ಸೇರಿದ್ದಾರೆ, ಒಮ್ಮೆಗೇ ಬಿಟ್ಟರೆ ಮದ್ಯದಂತೆಯೇ ಫಿಟ್ಸ್ ಬರಬಹುದು. ಅವನ್ನು ವಾರಗಳ ಮೇಲೆ ನಿಧಾನವಾಗಿ ಇಳಿಸಬೇಕು. ಅಫೀಮು, ಬ್ರೌನ್ ಶುಗರ್ ಮುಂತಾದವುಗಳ ದಾರಿ ಬೇರೆ. ಅವನ್ನು ಬಿಟ್ಟಾಗ ಮೂಗು ಕಣ್ಣು ಸೋರುವುದು, ಆಕಳಿಕೆ, ರೋಮಾಂಚ, ಮೈಕೈ ಸೆಳೆತ, ಭೇದಿ, ಎಲ್ಲವೂ ಯಾತನೆಯೇ. ಆದರೂ ಗಟ್ಟಿಮುಟ್ಟಾದವನನ್ನು ಅದು ಕೊಲ್ಲುವುದು ಅಪರೂಪ. ಅಲ್ಲಿ ಸಾವು ಹೊಂಚುಹಾಕುವುದು ಬಿಟ್ಟ ಮೇಲೆ. ಕೆಲವು ವಾರ ದೂರವಿದ್ದ ದೇಹ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಮನಸ್ಸು ಮಾತ್ರ ಹಳೆಯ ಪ್ರಮಾಣವನ್ನೇ ನೆನೆಯುತ್ತದೆ. ಆ ಹಳೆಯ ಪ್ರಮಾಣವೇ ಉಸಿರನ್ನು ನಿಲ್ಲಿಸುತ್ತದೆ. ಆದುದರಿಂದಲೇ ಅಲ್ಲಿ ಬುಪ್ರೆನಾರ್ಫಿನ್‌ನಂತಹ ಔಷಧಿಯನ್ನು ದೀರ್ಘಕಾಲ ಕೊಡುವುದು ಶಾಸ್ತ್ರಸಮ್ಮತವಾದ ಚಿಕಿತ್ಸೆ. ಒಂದು ಚಟ ಬಿಡಿಸಲು ಇನ್ನೊಂದು ಚಟವೆ ಎಂದು ಹಂಗಿಸುವವರು ಇದನ್ನು ಯೋಚಿಸಬೇಕು.

ವಿಷ ಇಳಿಸಿದ ಮಾತ್ರಕ್ಕೆ ರೋಗ ಹೋಯಿತೆಂದು ತಿಳಿಯುವುದು ನಾವು ಮಾಡುವ ಇನ್ನೊಂದು ತಪ್ಪು. ಸಕ್ಕರೆ ಕಾಯಿಲೆಯಂತೆ, ರಕ್ತದೊತ್ತಡದಂತೆ ಇದೂ ಬಹುಕಾಲ ಕಾದು ನೋಡಬೇಕಾದ ಕಾಯಿಲೆ. ಹಂಬಲವನ್ನು ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಿಗಳಿವೆ. ಆಪ್ತಸಮಾಲೋಚನೆಯಿದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಇಂದು ನಮ್ಮ ಊರುಗಳಲ್ಲಿಯೂ ಇವೆ. ಮಾಡಬಾರದುದೂ ಒಂದಿದೆ: "ಅವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ" ಎಂಬ ಜಾಹೀರಾತಿನ ಪುಡಿಗಳು. ಡೈಸಲ್ಫಿರಾಮ್ ಎಂಬ ಔಷಧಿಯನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ತಿಳಿದು ಒಪ್ಪಿ ನುಂಗುವವನಿಗೆ ಅದು ಬೇಲಿ. ತಿಳಿಯದೆ ನುಂಗಿದವನಿಗೆ ಗುಂಡಿ.

ಇನ್ನು ಸರ್ಕಾರಕ್ಕೂ ಸಮಾಜಕ್ಕೂ ಒಂದು ಮಾತು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುವವರು; ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರು. ಮೂವತ್ತೇಳು ಮಂದಿ ಆಣೆಯನ್ನೋ ಅದೃಷ್ಟವನ್ನೋ ನೆಚ್ಚಿಕೊಂಡಿದ್ದಾರೆ ಎಂದಾಯಿತು. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಕುಡಿತ ಬೇರೆ ಪೊಟ್ಟಣಕ್ಕೆ ಬದಲಾಯಿತು. ಇಂದು ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿದ ಆದಾಯವುಂಟು. ಅದರಲ್ಲೊಂದು ಹನಿಯನ್ನು ತೆಗೆದಿಟ್ಟರೆ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇವರಿಗಾಗಿ ನಾಲ್ಕು ಹಾಸಿಗೆ, ಮೇಲೆ ಹೇಳಿದ ಎರಡು ಅಗ್ಗದ ಔಷಧಿ, "ಕೊನೆಯ ಸಲ ಕುಡಿದದ್ದು ಯಾವಾಗ" ಎಂದು ಕೇಳಬಲ್ಲ ಒಬ್ಬ ವೈದ್ಯ, ಇಷ್ಟನ್ನು ಖಾಯಂ ಮಾಡಬಹುದು. ಇದು ನಮಗೆ ಹೊಸದೇನೂ ಅಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿಕೊಟ್ಟರು. 1996ರಲ್ಲಿ ದೇಶವೇ ಆ ಮಾದರಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಕೈಗೊಂಡಿತು. ಮಾದರಿ ಕೊಟ್ಟ ನಾಡಿಗೆ ಅದನ್ನು ಪೂರ್ಣಗೊಳಿಸುವ ಹೊಣೆಯೂ ಉಂಟು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮನೋವಿಕಾರಗಳನ್ನೂ ಕಾಯಿಲೆಯೆಂದೇ ಎಣಿಸಿದೆ. ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ. ಚಟ ಬಿಡಿಸುವ ಹೆಸರಿನಲ್ಲಿ ಹೊಡೆದು ಕೂಡಿಹಾಕುವವರು ಇದನ್ನು ಓದಿಕೊಳ್ಳುವುದು ಲೇಸು. ದಾರಿ ತಿಳಿಯದ ಮನೆಯವರು ಚಟಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ, ಇಲ್ಲವೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಆಣೆಯ ವಿಷಯದಲ್ಲಿ ನನಗೆ ಈಗಲೂ ಗೌರವವಿದೆ. ಬಿಡಬೇಕೆಂಬ ಮನಸ್ಸು ಮೊಳೆಯದೆ ಯಾವ ಔಷಧಿಯೂ ನಡೆಯದು. ಆ ಮನಸ್ಸು ನಮ್ಮಲ್ಲಿ ಹಲವರಿಗೆ ಮೊಳೆಯುವುದು ದೇವರ ಮುಂದೆಯೇ, ಮಕ್ಕಳ ಮುಂದೆಯೇ. ಗುಡಿಯಲ್ಲಿ ಆಣೆ ಮಾಡಿದವನನ್ನು ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿಯೊಂದು ನಮ್ಮಲ್ಲಿ ಬೆಳೆಯಲಿ ಎಂಬುದಷ್ಟೆ ನನ್ನ ಬಿನ್ನಹ.

ನಮ್ಮ ಬಡಗಿ ಎಂಟು ತಿಂಗಳು ಕುಡಿಯಲಿಲ್ಲ. ಒಂಬತ್ತನೆಯ ತಿಂಗಳು, ತಮ್ಮನ ಮದುವೆಯ ಮನೆಯಲ್ಲಿ ಆರಂಭವಾಗಿ, ಎರಡೇ ವಾರದಲ್ಲಿ ಬೆಳಗಿನ ಪೊಟ್ಟಣದವರೆಗೂ ಮರಳಿ ಬಂದ. ಬೀದಿಯವರು "ಮಗಳ ಆಣೆಯನ್ನೇ ಮುರಿದ" ಎಂದು ಉಗಿದರು. ಒಂದು ಮುಂಜಾನೆ ಅವನು ನಮ್ಮ ಜಗಲಿಯ ಕೆಳಗೆ ಬಂದು ನಿಂತ. ಕೈ ನಡುಗುತ್ತಿತ್ತು. ನಾನು ಏನನ್ನೂ ಕೇಳುವ ಮೊದಲೇ, "ಮೇಷ್ಟ್ರೇ, ಈ ಸಲ ಆಣೆ ಗೀಣೆ ಬೇಡ. ಆಸ್ಪತ್ರೆವರೆಗೂ ಜೊತೆಗೆ ಬರ್ತೀರಾ?" ಎಂದ.

ನಾನು ಅಂಗಿ ತೊಟ್ಟು ಹೊರಟೆ.